‘ಹೋರ್ಡಿಂಗ್’: ಒಂದೇ ಪದ, ಎರಡು ಹೊಣೆ

ತಲಕಾಡಿನ ವರ್ತಕನಿಗೆ ‘ಹೋರ್ಡಿಂಗ್’ ಎಂದರೆ ಪಂಚಲಿಂಗ ದರ್ಶನಕ್ಕೆ ಬರುವ ಭಕ್ತರ ಕಣ್ಣಿಗೆ ಬೀಳುವಂತೆ ರಸ್ತೆಬದಿಯಲ್ಲಿ ನಿಲ್ಲಿಸುವ ಜಾಹೀರಾತು ಫಲಕ. ಆಹಾರ ಇಲಾಖೆಯ ಅಧಿಕಾರಿಗೆ ಅದೇ ಪದವು ಅಕ್ರಮ ದಾಸ್ತಾನನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಇವೆರಡರ ಮೂಲವೂ ಬೇರೆ. ದಾಸ್ತಾನಿನ ಅರ್ಥವು ನಿಧಿ ಎಂಬ ಅರ್ಥದ ಹಳೆಯ ಪದದಿಂದ ಬಂದಿದೆ. ಫಲಕದ ಅರ್ಥವು ಕಟ್ಟಡ ಕಾಮಗಾರಿಯ ಸುತ್ತ ಕಟ್ಟುವ ಹಲಗೆಯ ಬೇಲಿಯಿಂದ ಬಂದಿದೆ. ಆ ಬೇಲಿಯ ಮೇಲೆ ಭಿತ್ತಿಪತ್ರ ಅಂಟಿಸುವ ರೂಢಿಯಿಂದ ಫಲಕಕ್ಕೂ ಅದೇ ಹೆಸರಾಯಿತು.

ಫಲಕದ ಹೊಣೆ ಸರಳವಾದುದು: ಸ್ಥಳೀಯ ಸಂಸ್ಥೆಯ ಪೂರ್ವಾನುಮತಿ ಮತ್ತು ನಿಗದಿತ ಶುಲ್ಕ. ದಾಸ್ತಾನಿನ ಹೊಣೆ ಗಂಭೀರವಾದುದು.

ನಾಲಾ ಬಯಲಿನ ಭತ್ತವು ಕೆಲವೇ ವಾರಗಳಲ್ಲಿ ಕಟಾವಿಗೆ ಬರುತ್ತದೆ; ಅಕ್ಕಿ ವರ್ಷವಿಡೀ ಬೇಕು. ನಡುವಿನ ಅವಧಿಗೆ ಯಾರಾದರೂ ಸರಕನ್ನು ಹಿಡಿದಿಡಲೇಬೇಕು. ಆದುದರಿಂದ ದಾಸ್ತಾನು ತಾನಾಗಿಯೇ ಅಪರಾಧವಲ್ಲ. 1955ರ ಅವಶ್ಯಕ ವಸ್ತುಗಳ ಅಧಿನಿಯಮದಡಿ ಸರ್ಕಾರವು ಆದೇಶದ ಮೂಲಕ ಮಿತಿ ವಿಧಿಸಿದಾಗ, ಆ ಮಿತಿಯನ್ನು ಮೀರಿದ ಸರಕು ಅಕ್ರಮವಾಗುತ್ತದೆ.

ಮಿತಿಯು ಸ್ಥಿರವಲ್ಲ ಎಂಬುದೇ ಇಲ್ಲಿನ ತೊಡಕು. 2023ರ ಜೂನ್‌ನಲ್ಲಿ ತೊಗರಿ ಹಾಗೂ ಉದ್ದಿಗೆ ಸಗಟು ವರ್ತಕರ ಮಿತಿ ತಲಾ 200 ಟನ್ ಇತ್ತು; ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು 50 ಟನ್‌ಗೆ ಇಳಿಸಲಾಯಿತು. ಜೂನ್‌ನಲ್ಲಿ ಸಕ್ರಮವಾಗಿದ್ದ 150 ಟನ್, ಕಾಲಾವಕಾಶ ಮುಗಿದೊಡನೆ ಅಕ್ರಮ. ಧಾರಣೆ ವಿಪರೀತ ಏರಿದಾಗ ಮಾತ್ರ ಕೃಷಿ ಆಹಾರ ವಸ್ತುಗಳಿಗೆ ಮಿತಿ ವಿಧಿಸಬಹುದೆಂಬ 2020ರ ತಿದ್ದುಪಡಿಯು 2021ರಲ್ಲಿ ರದ್ದಾಯಿತೆಂಬುದನ್ನೂ ಮರೆಯಬಾರದು.

ಉಲ್ಲಂಘನೆಗೆ ಸರಕಿನ ಮುಟ್ಟುಗೋಲಿನೊಡನೆ ಏಳು ವರ್ಷಗಳವರೆಗೆ ಕಾರಾಗೃಹವಾಸಕ್ಕೂ ಅವಕಾಶವಿದೆ. ಕಾಳಸಂತೆ ತಡೆಯುವ 1980ರ ಅಧಿನಿಯಮವು ವಿಚಾರಣೆಗೆ ಮುನ್ನವೇ ಆರು ತಿಂಗಳವರೆಗೆ ಬಂಧನದಲ್ಲಿಡಲು ಅನುವು ಮಾಡಿಕೊಡುತ್ತದೆ.

ವರ್ತಕನ ರಕ್ಷಣೆ ಆತನ ಪುಸ್ತಕದಲ್ಲಿಯೇ ಇದೆ. ದಾಸ್ತಾನು ವಹಿಯನ್ನು ಅಂದಂದೇ ಬರೆಯುವುದು, ಗೋದಾಮಿನ ಚೀಲಗಳನ್ನು ವಹಿಯೊಡನೆ ತಾಳೆ ನೋಡುವುದು, ರೈತರು ಇರಿಸಿದ ಚೀಲಗಳನ್ನು ಸ್ವಂತ ಸರಕಿನೊಡನೆ ಬೆರೆಸದೆ ಪ್ರತ್ಯೇಕ ರಸೀದಿಯೊಡನೆ ಇಡುವುದು, ಹೊಸ ಆದೇಶ ಹೊರಟಾಗ ಕಾಲಾವಕಾಶದೊಳಗೆ ಹೆಚ್ಚುವರಿ ಸರಕನ್ನು ವಿಲೇವಾರಿ ಮಾಡುವುದು, ಇವಿಷ್ಟೂ ಅವಶ್ಯ. ವಹಿಯಲ್ಲಿ ಕಾಣದ ಸರಕಿಗೆ ಆದಾಯ ತೆರಿಗೆಯವರೂ ವಿವರಣೆ ಕೇಳುವರು.

ಫಲಕವು ಎಲ್ಲರಿಗೂ ಕಾಣಲೆಂದೇ ನಿಲ್ಲುತ್ತದೆ. ದಾಸ್ತಾನೂ ಲೆಕ್ಕದಲ್ಲಿ ಹಾಗೆಯೇ ಕಾಣುವಂತಿದ್ದರೆ ವರ್ತಕನಿಗೆ ಕ್ಷೇಮ.