ಸೊಪ್ಪಿನ ಸಾರಿಗೂ ಅಕ್ಕಡಿ ಲೆಕ್ಕ

ನಮ್ಮದು ಶಿರಾ ಕಡೆಯ ಖುಷ್ಕಿ ಬೇಸಾಯ. 4 ಎಕರೆ ಕೆಂಪು ಮಣ್ಣು. ಕಡ್ಲೆಕಾಯಿ, ರಾಗಿ, ತೊಗರಿ, ಹಿಂಗಾರು ಕೈ ಹಿಡಿದರೆ ಒಂದಿಷ್ಟು ಹುರುಳಿ. ನಾನು ಓದಿದ್ದು 7ನೇ ಕ್ಲಾಸು. ಅಡಿಗೆ ವಿಷಯ ಬರೀತೀನಿ ಅಂದಾಗ ಮನೆಯಾಕೆ ನಕ್ಕಳು. ಆದರೆ ಇದು ಅವಳೇ ಕಲಿಸಿದ ಪಾಠ. ಇದರಲ್ಲಿ ಒಲೆಯ ಮಾತು ಎಷ್ಟಿದೆಯೋ ಹೊಲದ ಮಾತೂ ಅಷ್ಟೇ ಇದೆ. ಹಾಗಾಗಿ ಧೈರ್ಯ ಮಾಡಿದ್ದೇನೆ.

2023ರ ಜೂನ್ ಕೊನೆಯಲ್ಲಿ ದನದ ತೊಟ್ಟಿ ಹತ್ತಿರ ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಮುರೀತು. 6 ವಾರಕ್ಕೆ ಪ್ಲಾಸ್ಟರ್ ಹಾಕಿದರು. ಮಗಳು ಬೆಂಗಳೂರಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದಾಳೆ, ಬಂದು ಕೂರುವಂತಿಲ್ಲ. ಮನೆಯಲ್ಲಿ ಉಳಿದವರು ನಾನು, ಎಂಬತ್ತು ದಾಟಿದ ನಮ್ಮವ್ವ. ಅವ್ವನಿಗೆ ಕಣ್ಣು ಅಷ್ಟಕ್ಕಷ್ಟೆ. ಹಿಟ್ಟು ತೊಳಸಿ ಮುದ್ದೆ ಕಟ್ಟೋದು ನನಗೆ ಗೊತ್ತಿತ್ತು, ಕುರಿ ಕಾಯುವ ವಯಸ್ಸಲ್ಲೇ ಕಲಿತಿದ್ದೆ. ಸಾರು ಮಾತ್ರ ಯಾವತ್ತೂ ಮಾಡಿದವನಲ್ಲ.

ಮಗಳು ಒಂದು ಅಡಿಗೆ ಪುಸ್ತಕ ಕಳಿಸಿದಳು. ಅದರಲ್ಲಿ ಎಲ್ಲಾ ಅಳತೆ. ಟೊಮೆಟೊ 3, ತೆಂಗಿನತುರಿ 1 ಬಟ್ಟಲು, ಸಾಂಬಾರ್ ಪುಡಿ 2 ಚಮಚ. ಆ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿರಬೇಕು. ಕಡ್ಲೆಕಾಯಿ ಬೀಜಕ್ಕೆ ಸಾಲ ಮಾಡಿ ಕೂತವನು ನಾನು. ಆದರೂ ತಂದೆ. ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದೆ. ಅವ್ವ ಎರಡು ತುತ್ತು ನುಂಗಿ ತಟ್ಟೆ ಪಕ್ಕಕ್ಕೆ ಸರಿಸಿದಳು.

ಮುದ್ದೆ ಉಣ್ಣದವರಿಗೆ ಇದು ದೊಡ್ಡ ವಿಷಯ ಅನ್ನಿಸಲಾರದು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಲ್ಲಿ ಹೊರಳಿಸಿ ನುಂಗುತ್ತೇವೆ. ಸಾರು ಸರಿಯಿಲ್ಲದಿದ್ದರೆ ಮುದ್ದೆ ಗಂಟಲಲ್ಲಿ ಇಳಿಯೋದೇ ಇಲ್ಲ. ಅವ್ವ ಮೂರು ದಿನ ಮಜ್ಜಿಗೆ ಕುಡಿದೇ ಕಳೆದಳು. “ನನಗೆ ಹಸಿವಿಲ್ಲ ಕಣಪ್ಪ” ಅಂತಿದ್ದಳು. ನಾಲ್ಕನೇ ದಿನ ಎತ್ತಿ ಕೂರಿಸುವಾಗ ಅವಳ ತೋಳು ಕೈಗೆ ಸಿಕ್ಕಿತು. ನನಗೆ ಭಯ ಆಯ್ತು.

ಅವತ್ತು ಜಗಲಿ ಮೇಲೆ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ ಮನೆಯಾಕೆ ಹೇಳಿದಳು: “ಆ ಪುಸ್ತಕ ಅತ್ಲಾಗಿಡಿ. ಅಕ್ಕಡಿ ಬಿತ್ತುವಾಗ ಯಾವ ಪುಸ್ತಕ ನೋಡ್ತೀರಿ ನೀವು?”

ಮುಖ್ಯ ಬೆಳೆ ಯಾವುದು?

ನಮ್ಮಲ್ಲಿ 8 ಸಾಲು ರಾಗಿಗೆ 2 ಸಾಲು ತೊಗರಿಯೋ ಅವರೆಯೋ ಹಾಕ್ತೀವಿ. ಹೊಲದ ಸುತ್ತ ಒಂದಿಷ್ಟು ಹುಚ್ಚೆಳ್ಳು, ಅಲ್ಲೊಂದು ಇಲ್ಲೊಂದು ಸಾಸಿವೆ, ಜೋಳ. ಎಲ್ಲವನ್ನೂ ಸಮ ಸಮ ಎರಚಿದರೆ ಯಾವುದೂ ಕೈಗೆ ಬರಲ್ಲ. ಸಾರಿಗೂ ಅದೇ ಲೆಕ್ಕ ಅಂತ ಅವಳ ಮಾತು.

ಆ ವರ್ಷ ಜೂನ್ ಒಣಗಿ ಹೋಗಿ ಜುಲೈ ಕೊನೆಯಲ್ಲಷ್ಟೇ ನೆಲ ನೆನೆದಿತ್ತು. ಒಂದು ವಾರಕ್ಕೆ ಹೊಲ, ಬದು ಎಲ್ಲಾ ಸೊಪ್ಪು. ಅವಳು ನನ್ನ ಕೈಲಿ ಒಂದೊಂದನ್ನೂ ಕೀಳಿಸಿ ಮೊದಲು ಹಸಿಯಾಗಿ ಅಗಿಸಿದಳು. ಆಮೇಲೆ ಉಪ್ಪಿಲ್ಲದೆ ಬೇಯಿಸಿ ಬೇರೆ ಬೇರೆ ತಿನ್ನಿಸಿದಳು. ಐವತ್ತು ವರ್ಷ ಉಂಡ ಸೊಪ್ಪಿನ ರುಚಿ ಆವತ್ತು ಗೊತ್ತಾಯ್ತು ನನಗೆ! ಅಣ್ಣೆ ಸೊಪ್ಪು ಸಪ್ಪೆ, ಸ್ವಲ್ಪ ಸಿಹಿ ಕಡೆಗೆ. ಕೀರೆಯೂ ಸಪ್ಪೆಯೇ, ಆದರೆ ಮಣ್ಣಿನ ಘಮ ಇದೆ. ಕನ್ನೆ ಸೊಪ್ಪು ಲೋಳೆ. ಗೋಣಿ ಸೊಪ್ಪು ಹುಳಿ, ಉಪ್ಪುಪ್ಪು. ಗಣಿಕೆ ಕಹಿ. ತುಂಬೆ ಖಾರದ ವಾಸನೆಯ ಕಹಿ. ನುಗ್ಗೆ ಬಲಿತಿದ್ದರೆ ಒಗರು.

ಹೀಗೆ ಗೊತ್ತಾದ ಮೇಲೆ ಅಕ್ಕಡಿ ಸುಲಭ. ಅಣ್ಣೆ, ಕೀರೆಯಂಥ ಸಪ್ಪೆ ಸೊಪ್ಪು ರಾಗಿ ಇದ್ದ ಹಾಗೆ, ಮುಕ್ಕಾಲು ಪಾಲು ಅದೇ ಇರಬೇಕು. ಐದಾರು ಹಿಡಿ ಅದಕ್ಕೆ ಒಂದು ಹಿಡಿ ಹುಳಿ ಸೊಪ್ಪು. ಕಹಿಯದ್ದು ಅರ್ಧ ಹಿಡಿ, ತುಂಬೆಯಾದರೆ ನಾಲ್ಕೈದು ಕುಡಿ ಸಾಕು. ಕನ್ನೆ ಸ್ವಲ್ಪ ಇದ್ದರೆ ಸಾರು ಮಂದ ಆಗುತ್ತೆ, ಜಾಸ್ತಿ ಆದ್ರೆ ಜೊಲ್ಲು ಜೊಲ್ಲು. ಕಹಿ ಯಾಕೆ ಬೇಕು, ಬಿಟ್ಟುಬಿಡೋಣ ಅಂತ ಒಂದು ದಿನ ಬಿಟ್ಟು ನೋಡಿದೆ. ಸಾರು ಚೆನ್ನಾಗೇ ಇತ್ತು, ಆದರೆ ಎರಡನೇ ತುತ್ತಿಗೆ ಬೇಜಾರು ಬಂತು.

ಈ ಲೆಕ್ಕ ದಿನಾ ಒಂದೇ ಇರಲ್ಲ. ಮಳೆ ಬಿದ್ದ ವಾರದ ಗಣಿಕೆ ಎಳೆಯದು, ಒಂದು ಹಿಡಿ ಹಾಕಬಹುದು. ಹೂ ಬಿಟ್ಟು ಬಿಸಿಲಿಗೆ ಬಲಿತದ್ದಾದರೆ ಅದರ ಕಾಲು ಭಾಗ. ಅದಕ್ಕೇ ಚಮಚದ ಲೆಕ್ಕ ನಮಗೆ ಹೊಂದೋಲ್ಲ. ಹಾಕುವ ಮುಂಚೆ ಒಂದು ಎಲೆ ಬಾಯಿಗೆ ಹಾಕಿಕೊಳ್ಳೋದೇ ಅಳತೆ.

ಕಹಿ ಜಾಸ್ತಿಯಾದರೆ ಎಲ್ಲರೂ ಬೆಲ್ಲಕ್ಕೆ ಕೈ ಹಾಕ್ತಾರೆ. ನಾನು ಕಂಡಂತೆ ಮೊದಲು ನಾಲ್ಕು ಕಲ್ಲು ಉಪ್ಪು ಹಾಕಿ ನೋಡಬೇಕು. ಉಪ್ಪಿಗೆ ಕಹಿಯನ್ನು ತಗ್ಗಿಸುವ ಗುಣ ಇದೆ. ಅದರಿಂದಲೂ ಆಗದಿದ್ದರೆ ಬೆಲ್ಲ. ಖಾರ ಹೆಚ್ಚಾದರೆ ನೀರು ಸುರಿದು ಪ್ರಯೋಜನ ಇಲ್ಲ, ಮೆಣಸಿನಕಾಯಿ ಖಾರ ನೀರಿಗೆ ಕರಗೋದಿಲ್ಲ. ಉಣ್ಣುವಾಗ ತುಪ್ಪವೋ ಮಜ್ಜಿಗೆಯೋ ಬೇಕು.

ಹುಳಿ ಯಾವಾಗ, ಯಾವುದು

ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಹುಳಿಯಲ್ಲಿ. ಒಂದು ದಿನ ತೊಗರಿಬೇಳೆ ಬೇಯೋಕೆ ಇಟ್ಟು, ಮರೆತೀನಿ ಅಂತ ಹುಣಸೆಹಣ್ಣೂ ಆಗಲೇ ಕಿವುಚಿ ಬಿಟ್ಟೆ. ಒಂದೂವರೆ ಗಂಟೆ ಸೌದೆ ಉರಿದರೂ ಬೇಳೆ ಕಾಳು ಕಾಳಾಗೇ ನಿಂತಿತ್ತು. ಒಳಗಿಂದ ಅವ್ವ ಕೂಗಿದಳು: “ಹುಳಿ ಮೊದ್ಲೇ ಬಿಟ್ಟಿದೀಯ ಕಣೋ, ವಾಸನೆ ಬರ್ತೈತೆ.” ಕಣ್ಣು ಕಾಣದಿದ್ದರೂ ಮೂಗು ಹಾಗಿದೆ ಅವಳದು. ಹುಳಿ ಬಿದ್ದರೆ ಬೇಳೆ, ಕಾಳಿನ ಸಿಪ್ಪೆ ಬಿಗಿ ಹಿಡಿಯುತ್ತೆ, ಮೆತ್ತಗಾಗಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರೂ ಅದೇ ಕೆಲಸ ಮಾಡುತ್ತೆ, ಅದರಲ್ಲಿರುವ ಸುಣ್ಣದ ಅಂಶದಿಂದ. ಹೆಂಚಿನ ಅಂಚಿಂದ ಹಿಡಿದಿಟ್ಟ ಮಳೆ ನೀರಲ್ಲಿ ಅದೇ ತೊಗರಿ ಅರ್ಧ ಸೌದೆಗೆ ಬೆಂದಿದ್ದನ್ನು ನಾನೇ ನೋಡಿದೆ. ಆಗಿನಿಂದ ಬೇಳೆಗೆ ಅಂತ ಒಂದು ಡ್ರಮ್ಮು ಮಳೆ ನೀರು ಬೇರೆಯೇ ಇಡ್ತೀವಿ.

ಟೊಮೆಟೊ ಬಿಟ್ಟ ಮೇಲೆ ಹುಳಿಗೆ ಏನೇನಿದೆ ಅಂತ ಹುಡುಕಿದರೆ ಮನೆ ಸುತ್ತಲೇ ಇತ್ತು. ಆದರೆ ಒಂದೊಂದು ಹುಳಿಗೂ ಒಂದೊಂದು ಹೊತ್ತು. ಹುಣಸೆಹಣ್ಣು ಕುದಿದು ಹಸಿ ವಾಸನೆ ಹೋಗಬೇಕು. ನಿಂಬೆ ಕುದಿಸಿದರೆ ಘಮ ಹೋಗಿ ಕಹಿ ಬರುತ್ತೆ, ಪಾತ್ರೆ ಇಳಿಸಿದ ಮೇಲೆ ಹಿಂಡಬೇಕು. ಹುಳಿ ಮಜ್ಜಿಗೆ ಜೋರು ಉರಿಗೆ ಒಡೆದು ನೀರೇ ಬೇರೆ ಗಸಿಯೇ ಬೇರೆ ಆಗುತ್ತೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಮಾವಿನಕಾಯಿ ಹೋಳು ಸೊಪ್ಪಿನ ಜೊತೆಗೇ ಬೇಯಬಹುದು, ಬೇಳೆ ಮಾತ್ರ ಮೊದಲೇ ಬೆಂದಿರಬೇಕು. ಹುಣಸೆ ಚಿಗುರು ಸಿಕ್ಕ ಕಾಲಕ್ಕೆ ಬೇರೆ ಯಾವ ಹುಳಿಯೂ ಬೇಡ.

ಗೋಣಿ ಸೊಪ್ಪಿನದು ಇನ್ನೂ ಮಜಾ. ಬೆಳಗ್ಗೆ ಕಿತ್ತು ಮಾಡಿದ ದಿನ ಸಾರು ಹುಳಿ, ಸಂಜೆ ಕಿತ್ತದ್ದು ಸಪ್ಪೆ. ನನ್ನ ನಾಲಿಗೆಯ ತಪ್ಪು ಅಂದುಕೊಂಡಿದ್ದೆ. ವಿಚಾರಿಸಿದಾಗ ತಿಳೀತು, ನೀರಿನ ಬರ ಬಂದಾಗ ಈ ಗಿಡ ಕಳ್ಳಿ ಗಿಡದ ಹಾಗೆ ರಾತ್ರಿ ಹೊತ್ತು ಗಾಳಿ ಎಳೆದುಕೊಂಡು ಹುಳಿ ರೂಪದಲ್ಲಿ ಕೂಡಿಡುತ್ತಂತೆ. ಹಗಲು ಬಿಸಿಲಲ್ಲಿ ಅದನ್ನು ಖರ್ಚು ಮಾಡುತ್ತೆ. ಆಗಸ್ಟಿನಲ್ಲಿ ಮಳೆ ಪೂರಾ ಕೈಕೊಟ್ಟಾಗ ಬದುವಿನ ಗೋಣಿ ಸೊಪ್ಪು ಬೆಳಗಿನ ಹೊತ್ತು ಎಷ್ಟು ಹುಳಿ ಅಂದರೆ, ಆ ದಿನಗಳಲ್ಲಿ ಹುಣಸೆಹಣ್ಣು ಅರ್ಧಕ್ಕೆ ಇಳಿಸಿದ್ದೆವು. ಕಡ್ಲೆಕಾಯಿ ಬಾಡುತ್ತಿತ್ತು, ಸಾರು ರುಚಿಯಾಗುತ್ತಿತ್ತು. ಏನು ಹೇಳೋದು ಇದಕ್ಕೆ!

ಕಾಯಿ ಇಲ್ಲದಿದ್ದರೆ?

ತೆಂಗಿನಕಾಯಿ ಇಲ್ಲ ಅಂತ ಕೂತಾಗ ಮನೆಯಾಕೆ ಕೇಳಿದ್ದು, “ಕಾಯಿ ಸಾರಲ್ಲಿ ಏನು ಕೆಲಸ ಮಾಡುತ್ತೆ ಹೇಳಿ ನೋಡೋಣ.” ಸಾರು ಗಟ್ಟಿ ಮಾಡುತ್ತೆ, ಜಿಡ್ಡು ಕೊಡುತ್ತೆ, ಖಾರ ಹುಳಿ ಎರಡನ್ನೂ ಸ್ವಲ್ಪ ಮೆತ್ತಗೆ ಮಾಡುತ್ತೆ. ಈ ಮೂರೂ ಕೆಲಸ ಹುರಿದ ಕಡ್ಲೆಕಾಯಿ ಬೀಜಕ್ಕೂ ಗೊತ್ತು, ಹುಚ್ಚೆಳ್ಳಿಗೂ ಗೊತ್ತು. ಹುಚ್ಚೆಳ್ಳು ಚಟಪಟ ಅನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಬೇಕು. ಒಂದು ಗಳಿಗೆ ಮೈ ಮರೆತರೆ ಕಮಟು. ಬೆಂದ ಕಾಳನ್ನೇ ಒಂದು ಹಿಡಿ ರುಬ್ಬಿ ಹಾಕಿದರೂ ಮಂದ ಬರುತ್ತೆ, ಜಿಡ್ಡಿಗೆ ಒಗ್ಗರಣೆ ಇದ್ದೇ ಇದೆ. ಹೀಗೆ ಪ್ರತಿ ಸಾಮಾನಿಗೂ “ನಿನ್ನ ಕೆಲಸ ಏನು” ಅಂತ ಕೇಳಿದರೆ ಅದರ ಬದಲಿ ಸಿಗುತ್ತೆ. ಬೆಳ್ಳುಳ್ಳಿ ಒಂದೇ ಎರಡು ಕೆಲಸ ಮಾಡೋದನ್ನೂ ಆಗಲೇ ಕಂಡದ್ದು. ಹಸಿಯಾಗಿ ಜಜ್ಜಿದರೆ ಘಾಟು, ಇಡೀ ಎಸಳು ಎಣ್ಣೆಯಲ್ಲಿ ಕೆಂಪಗೆ ಬಾಡಿಸಿದರೆ ಸಿಹಿ.

ಬಸ್ಸಾರು ಬಂತು

ಪ್ಲಾಸ್ಟರ್ ಬಿಚ್ಚುವ ಹಿಂದಿನ ವಾರ ಯಾರನ್ನೂ ಕೇಳದೆ ಬಸ್ಸಾರು ಮಾಡಿದೆ. ರಾತ್ರಿ ನೆನೆಸಿದ ಅಲಸಂದೆ ಕಾಳು ಬೇಯಿಸಿ, ಮುಕ್ಕಾಲು ಬೆಂದ ಮೇಲೆ ಅಣ್ಣೆ, ಕೀರೆ, ಅರ್ಧ ಹಿಡಿ ಗಣಿಕೆ, ಉಪ್ಪು. ಬೆಂದದ್ದನ್ನು ಬಸಿದು ಕಟ್ಟು ಬೇರೆ ಇಟ್ಟೆ. ಕೆಂಡದಲ್ಲಿ ಸುಟ್ಟ ಒಂದು ಈರುಳ್ಳಿ, ಬೆಳ್ಳುಳ್ಳಿ, ಹುರಿದ ಒಣಮೆಣಸಿನಕಾಯಿ, ಧನಿಯ, ಜೀರಿಗೆ, ನಾಲ್ಕು ಕಾಳುಮೆಣಸು, ಹುರಿದ ಕಡ್ಲೆಕಾಯಿ ಬೀಜ, ಹುಣಸೆಹಣ್ಣು, ಬಸಿದ ಕಾಳು ಸೊಪ್ಪಿನಿಂದಲೇ ಒಂದು ಹಿಡಿ. ಎಲ್ಲ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದೆ. ಮಿಕ್ಕ ಕಾಳು ಸೊಪ್ಪು ಒಗ್ಗರಣೆಗೆ ಬಿದ್ದು ಪಲ್ಯ ಆಯ್ತು. ಅಷ್ಟು ಅಂತ ಅಳತೆ ಕೇಳಬೇಡಿ. ಕುದಿಯುವಾಗ ಮೂರು ಸಲ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಒಂದು ಸಲ ಉಪ್ಪು ಬೇಕು ಅಂತು, ಒಂದು ಸಲ ಚೂರು ಬೆಲ್ಲ.

ಅವ್ವ ಒಂದು ಮುದ್ದೆ ಮುಗಿಸಿ, “ಇನ್ನರ್ಧ ಹಾಕು” ಅಂದಳು. ಚೆನ್ನಾಗಿದೆ ಅಂತ ಹೇಳಲಿಲ್ಲ, ಹೇಳುವವಳೂ ಅಲ್ಲ.

ಎರಡು ಎಚ್ಚರಿಕೆ

ಸೊಪ್ಪು ಬೆರೆಸುವ ಧೈರ್ಯ ಬಂದ ಮೇಲೆ ನಾನೊಂದು ದೊಡ್ಡ ತಪ್ಪು ಮಾಡಿದ್ದೆ. ಅದನ್ನು ಮುಚ್ಚಿಡಬಾರದು. ತಿಪ್ಪೆ ಪಕ್ಕದಲ್ಲಿ ಎಳೆ ಗಣಿಕೆ ಅಂತ ಒಂದು ಬೊಗಸೆ ಕಿತ್ತು ತಂದೆ. ಸೋಸುವಾಗ ಮನೆಯಾಕೆ ಎಡಗೈಯಲ್ಲಿ ಒಂದು ಎಲೆ ಹಿಸುಕಿ ಮೂಸಿದಳು. ಅದರಲ್ಲಿ ಅರ್ಧ ಉಮ್ಮತ್ತಿ ಸಸಿ! ಸಣ್ಣದಿದ್ದಾಗ ಹೊಸಬರಿಗೆ ಎರಡೂ ಒಂದೇ ತರ ಕಾಣುತ್ತೆ. ಉಮ್ಮತ್ತಿ ಹಿಸುಕಿದರೆ ಕೆಟ್ಟ ನಾತ. ಗಣಿಕೆಗೆ ಚಿಕ್ಕ ಬಿಳಿ ಹೂ ಗೊಂಚಲಾಗಿ ಬರುತ್ತೆ, ಉಮ್ಮತ್ತಿಯದು ಒಂಟಿ, ಉದ್ದನೆಯ ಕಹಳೆಯಂಥ ಹೂ. ಉಮ್ಮತ್ತಿ ಹೊಟ್ಟೆಗೆ ಹೋದರೆ ಬುದ್ಧಿ ಭ್ರಮೆ, ಜೀವಕ್ಕೇ ಅಪಾಯ. ಅವ್ವನ ತಟ್ಟೆಗೆ ಬೀಳುತ್ತಿತ್ತಲ್ಲ ಅಂತ ಈಗಲೂ ಮೈ ಜುಮ್ ಅನ್ನುತ್ತೆ. ರುಚಿಯಲ್ಲಿ ಏನು ಬೇಕಾದರೂ ಪ್ರಯೋಗ ಮಾಡಿ, ಗಿಡದಲ್ಲಿ ಬೇಡ. ತಿಳಿದವರು ಕೈಯಲ್ಲಿ ಹಿಡಿದು ತೋರಿಸದ ಸೊಪ್ಪು ಮಡಕೆಗೆ ಹೋಗಬಾರದು. ಮೊದಲು ಅಗಿದು ನೋಡಿ ಅಂತ ನಾನು ಹೇಳಿದ್ದೂ ಹಾಗೆ ಗೊತ್ತಿರುವ ಸೊಪ್ಪಿಗೆ ಮಾತ್ರ.

ಎರಡನೆಯದು ಕಳೆನಾಶಕ. ಅಕ್ಕಪಕ್ಕ ಮೆಕ್ಕೆಜೋಳ ಬಂದ ಮೇಲೆ ಬದುವಿಗೂ ಹೊಡೀತಾರೆ. ಹೊಡೆದ ಎರಡು ಮೂರು ದಿನ ಗಿಡ ಹಸಿರಾಗೇ ಇರುತ್ತೆ, ನೋಡಿದರೆ ಗೊತ್ತಾಗಲ್ಲ. ಹಾಗಾಗಿ ಪಕ್ಕದ ಹೊಲದವನನ್ನು ಕೇಳದೆ ಅವನ ಕಡೆ ಬದುವಿನ ಸೊಪ್ಪು ಕೀಳುವುದನ್ನು ನಿಲ್ಲಿಸಿದ್ದೀವಿ. ಆಳು ಸಿಗದ ಕಷ್ಟ ನನಗೂ ಗೊತ್ತು, ಅವನನ್ನು ಬೈಯ್ಯಲಾರೆ. ಆದರೆ 2023 ಸಿರಿಧಾನ್ಯ ವರ್ಷ ಅಂತ ಊರೂರಲ್ಲಿ ರಾಗಿ ಬಗ್ಗೆ ಭಾಷಣ ಆಯ್ತಲ್ಲ, ಮುದ್ದೆ ಇಳಿಸುವ ಸೊಪ್ಪಿನ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಅಣ್ಣೆ ಸೊಪ್ಪು ರಾಗಿಗೆ ಕೆಟ್ಟ ಕಳೆ ಅನ್ನೋದು ನಿಜ. ಬೀಜ ಉದುರಿದರೆ ಮುಂದಿನ ವರ್ಷ ಹೊಲ ತುಂಬ ಅದೇ. ನಾವು ಈಗ ತೆನೆ ಬಿಡುವ ಮುಂಚೆ ಕುಡಿ ಚಿವುಟದೆ ಬೇರು ಸಮೇತ ಕಿತ್ತು ಸಾರಿಗೆ ತರ್ತೀವಿ. ಬೀಜಕ್ಕೆ ಅಂತ ಮನೆ ಕಡೆಯ ಬದುವಿನಲ್ಲಿ ಏಳೆಂಟು ಗಿಡ ಮಾತ್ರ ಬಿಟ್ಟಿರ್ತೀವಿ. ಮನೆಯಾಕೆ ಕೈ ಸರಿ ಹೋಗಿದೆ, ಭಾರ ಎತ್ತೋಕೆ ಆಗಲ್ಲ. ಹಾಗಾಗಿ ಈಗಲೂ ಹಿಟ್ಟು ತೊಳಸೋದು ನಾನೇ. ಸಾರು ಯಾರು ಹೊಲದಿಂದ ಮೊದಲು ಬರ್ತಾರೋ ಅವರದ್ದು.