ನೀರಲ್ಲೇ ನಿಂತ ಗಿಡಕ್ಕೆ ಯಾಕಿಷ್ಟು ಹಸಿವು?

‘ಮಣ್ಣಿಲ್ಲದೆ ಸೊಪ್ಪು ಬೆಳೆಯಿರಿ’ ಎನ್ನುವ ರೀಲ್ಸ್ ಬಾರದ ಮೊಬೈಲ್ ಈಗ ನಮ್ಮ ಕಮಠಾಣದಲ್ಲಿ ಸಿಗಲಿಕ್ಕಿಲ್ಲ. ಬಿಳಿ ಪೈಪು, ಪೈಪಿಗೆ ತೂತು, ತೂತಿಗೊಂದು ಹಚ್ಚಹಸಿರು ಗಿಡ. ವಿಡಿಯೊದಲ್ಲಿ ಯಾವ ಎಲೆಯೂ ಹಳದಿಯಾಗುವುದಿಲ್ಲ, ಕರೆಂಟೂ ಹೋಗುವುದಿಲ್ಲ. ನಮ್ಮ ಕಾಕಿ ಮಹಿಳಾ ಸಂಘದಲ್ಲಿ ಸಾಲ ಮಾಡಿ ಅಂಥದ್ದೇ 36 ತೂತಿನ ಹೈಡ್ರೋಪೋನಿಕ್ಸ್ ಕಿಟ್ ತರಿಸಿದ್ದಳು. ಎಲ್ಲ ಸೇರಿ ಏಳೂವರೆ ಸಾವಿರ. ಹೊಲ ಇಲ್ಲದ ಮನೆ. ಮಾಳಿಗೆ ಮೇಲೆ ಪಾಲಕ್ ಬೆಳೆದು ಮಾರಿದರೆ ವಾರದ 200 ರೂಪಾಯಿ ಕಂತು ತಾನಾಗೇ ತುಂಬುತ್ತದೆ ಎಂಬ ಲೆಕ್ಕ.

ಮೂರನೇ ವಾರಕ್ಕೆ ಪಾಲಕ್ ಹಳದಿಯಾಯಿತು. ಬಿಇ ಓದುವವರ ಪಾಡು ಗೊತ್ತಲ್ಲ, ಫ್ಯಾನ್ ಕೆಟ್ಟರೂ ನಾವೇ, ಮಿಕ್ಸರ್ ಕೆಟ್ಟರೂ ನಾವೇ. ‘ತಮ್ಮಾ, ನೀ ಇಂಜಿನಿಯರ್ ಓದ್ಲಕತ್ತಿ, ಇದಕ್ಕೇನಾಗ್ಯದ ನೋಡು ಬಾ’ ಎಂದು ಫೋನ್ ಬಂತು.

ಕಿಟ್ ಮಾರಿದವರು ಆಗಲೇ ಮದ್ದು ಹೇಳಿದ್ದರು: ಗೊಬ್ಬರದ ದ್ರಾವಣ ಇನ್ನಷ್ಟು ಹಾಕಿ. ಹಾಕಿದ್ದಳು. ಹಳದಿ ಹಾಗೇ ಉಳಿದು, ಎಲೆಯ ತುದಿಯೂ ಸುಟ್ಟಿತ್ತು.

ಹಳದಿ ಎಂದ ಕೂಡಲೇ ಗೊಬ್ಬರ ಸುರಿಯುವ ಬದಲು ಯಾವ ಎಲೆ ಹಳದಿ ಎಂದು ನೋಡಬೇಕು. ಸಾರಜನಕ ಕಡಿಮೆಯಾದಾಗ ಗಿಡ ಹಳೆಯ ಎಲೆಯಲ್ಲಿದ್ದುದನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ ಹಾಗೆ ಓಡಾಡುವುದಿಲ್ಲ. ಒಮ್ಮೆ ಎಲೆ ಸೇರಿತೆಂದರೆ ಅಲ್ಲೇ ಠಿಕಾಣಿ. ಹೊಸದಾಗಿ ಸಿಗದಿದ್ದರೆ ಚಿಗುರು ಹಳದಿಯಾಗಿ, ನರ ಮಾತ್ರ ಹಸಿರಾಗಿ ಕಾಣುತ್ತದೆ. ಕಾಕಿಯ ಪಾಲಕ್‌ಗೆ ಕೆಳಗಿನ ಎಲೆಗಳು ಹಸಿರಾಗಿದ್ದವು, ಚಿಗುರು ನಿಂಬೆಹಣ್ಣಿನ ಬಣ್ಣ. ಗೊಬ್ಬರದ ಬಾಟಲಿ ಮೇಲೆ ಕಬ್ಬಿಣ ಇದೆ ಎಂದು ಬರೆದಿತ್ತು. ಅಂದರೆ ಊಟ ತಟ್ಟೆಯಲ್ಲಿದೆ, ಬಾಯಿಗೆ ಹೋಗುತ್ತಿಲ್ಲ.

ಕಿಟ್ ಜೊತೆ ಬಂದಿದ್ದ ಪಿಎಚ್ ಹನಿ ಹಾಕಿ ನೋಡಿದೆ. ನೀರು 8ರ ಹತ್ತಿರ. ಈ ಬೆಳೆಗೆ ಬೇಕಾದದ್ದು 5.5ರಿಂದ 6.5. ಅದಕ್ಕಿಂತ ಮೇಲೆ ಹೋದರೆ ಕಬ್ಬಿಣ ಬೇರು ಹೀರಲಾಗದ ರೂಪಕ್ಕೆ ತಿರುಗುತ್ತದೆ. ‘ಆಸಿಡ್ ಹಾಕಿ ಇಳಿಸ್ತೀನಿ, ಮುಂಜಾನೆ ಎದ್ದು ನೋಡಿದ್ರ ಮತ್ತ ಮ್ಯಾಲೆ ಬಂದಿರ್ತದ’ ಎಂದಳು ಕಾಕಿ. ಕಳ್ಳ ಸಿಕ್ಕಿದ್ದು ಇಲ್ಲೇ. ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಗೆ ಕಾರಣವಾದ ಬೈಕಾರ್ಬನೇಟ್ ನೀರಲ್ಲಿ ಇರುವವರೆಗೆ ಹಾಕಿದ ಆಸಿಡ್ಡನ್ನೆಲ್ಲ ಅದು ನುಂಗುತ್ತಲೇ ಇರುತ್ತದೆ.

ಟಿಡಿಎಸ್ ಮೀಟರ್ ಕಥೆ ಇನ್ನೂ ಮಜಾ. ಪುಸ್ತಿಕೆಯಲ್ಲಿ 1,100ಕ್ಕೆ ನಿಲ್ಲಿಸಿ ಎಂದಿತ್ತು, ಕಾಕಿ ಮೊದಲು ಅಷ್ಟಕ್ಕೇ ನಿಲ್ಲಿಸಿದ್ದಳು. ನಾನು ಬರೀ ಬೋರ್‌ವೆಲ್ ನೀರಿಗೆ ಮೀಟರ್ ಅದ್ದಿದೆ. 720! ಅಂದರೆ 1,100ರಲ್ಲಿ ಗೊಬ್ಬರದ ಪಾಲು ನಾನೂರೂ ಇಲ್ಲ, ಉಳಿದದ್ದೆಲ್ಲ ಬಂಡೆಯಿಂದ ಕರಗಿ ಬಂದ ಸುಣ್ಣ, ಉಪ್ಪು. ನೀರಲ್ಲಿ ಎಷ್ಟು ಕರಗಿದೆ ಎಂದು ಮೀಟರ್ ಹೇಳುತ್ತದೆ, ಏನು ಕರಗಿದೆ ಎಂದು ಹೇಳುವುದಿಲ್ಲ. ನಿಜವಾಗಿ ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಕಂಪನಿ 0.5ರಿಂದ ಗುಣಿಸಿದರೆ ಇನ್ನೊಂದು 0.7ರಿಂದ ಗುಣಿಸುತ್ತದೆ. ಒಂದೇ ನೀರು ಒಂದರಲ್ಲಿ 600, ಇನ್ನೊಂದರಲ್ಲಿ 840. ಪುಸ್ತಿಕೆ ಬರೆದವರು ಯಾವ ಮೀಟರ್ ಹಿಡಿದಿದ್ದರೋ!

ಪರಿಹಾರ ಮಾತ್ರ ಅಗ್ಗ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಮೂರು ಪಾಲು ಆ ನೀರು, ಒಂದು ಪಾಲು ಬೋರ್‌ವೆಲ್ ನೀರು. ಮೀಟರ್ 200ರ ಹತ್ತಿರಕ್ಕೆ ಇಳಿಯಿತು, ಪಿಎಚ್ ಇಳಿಸಿದಲ್ಲೇ ನಿಂತಿತು. ಅಂದಹಾಗೆ ಎ ಮತ್ತು ಬಿ ಬಾಟಲಿಗಳನ್ನು ಒಂದೇ ಲೋಟದಲ್ಲಿ ಕಲಸಿ ಹಾಕುವವರಿದ್ದಾರೆ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸಲ್ಫೇಟ್, ಫಾಸ್ಫೇಟ್. ಗಟ್ಟಿ ದ್ರಾವಣಗಳು ನೇರ ಸೇರಿದರೆ ಹಾಲು ಒಡೆದಂತಾಗಿ ತಳಕ್ಕೆ ಕೂರುತ್ತವೆ. ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದು.

ಹತ್ತು ದಿನಕ್ಕೆ ಹೊಸ ಚಿಗುರು ಹಸಿರಾಗಿ ಬಂತು. ಅಷ್ಟರಲ್ಲಿ ಏಪ್ರಿಲ್ಲೂ ಬಂತು.

ಬೀದರ್ ಕಡೆಯ ಬಿಸಿಲು ಬಲ್ಲವರಿಗೆ ಮುಂದಿನದು ಹೇಳಬೇಕಿಲ್ಲ. ಮಧ್ಯಾಹ್ನ ಗಿಡಗಳು ನೀರಲ್ಲೇ ನಿಂತು ಬಾಡತೊಡಗಿದವು. ಒಂದನ್ನು ಎತ್ತಿ ನೋಡಿದರೆ ಬೇರು ಕಂದುಬಣ್ಣ, ಲೋಳೆ, ಕೆಟ್ಟ ವಾಸನೆ. ಟಬ್ಬಿನ ನೀರು 34 ಡಿಗ್ರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 35ರಲ್ಲಿ 7ರಷ್ಟು. ಬೇರಿಗೆ ಮಾತ್ರ ಸೆಖೆಯಲ್ಲಿ ಉಸಿರು ಹೆಚ್ಚು ಬೇಕು. ಉಸಿರುಗಟ್ಟಿದ ಬೇರಿಗೆ ಪಿಥಿಯಂ ಎಂಬ ಕೊಳೆರೋಗ ಸಲೀಸಾಗಿ ಹತ್ತುತ್ತದೆ. ಮೇಲಾಗಿ ಕರೆಂಟ್ ಹೋದರೆ ಪಂಪ್ ನಿಂತು, ಪೈಪಿನ ನೀರೆಲ್ಲ ಇಳಿದು ಬೇರು ಒಣಗುತ್ತದೆ.

ಕೊಳೆತ ಗಿಡಗಳನ್ನು ಕಿತ್ತೆಸೆದು, ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲ ತಿಕ್ಕಿ ತೊಳೆದೆವು. ಪೈಪುಗಳನ್ನೇ ಬಿಟ್ಟೆವು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಜನಪ್ರಿಯಗೊಳಿಸಿದ ವಿಧಾನಕ್ಕೆ ಪಂಪೇ ಬೇಡ. ಡಬ್ಬಿಯಲ್ಲಿ ನಿಂತ ನೀರು, ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ, ತೆರವಾದ ಜಾಗದಲ್ಲಿ ಮೇಲಿನ ಬೇರು ಗಾಳಿಯಲ್ಲಿ ಉಸಿರಾಡುತ್ತದೆ. ಮತ್ತೆ ಕಂಠಮಟ್ಟ ನೀರು ತುಂಬಬಾರದು, ಅಷ್ಟೇ. ಔಷಧ ಅಂಗಡಿಯವರು ಬಿಸಾಡುವ ಥರ್ಮಾಕೋಲ್ ಡಬ್ಬಿಗಳು ಸಿಕ್ಕವು. ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ್ದರಿಂದ ಬೆಳಕು ಹೋಗದೆ ಪಾಚಿಯೂ ನಿಂತಿತು. ಹೊರಗೆ ಒದ್ದೆ ಗೋಣಿಚೀಲ, ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಉಪಾಯವೇ. ನಮ್ಮ ಒಣ ಸೆಖೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೀರು 28ಕ್ಕೆ ಬಂತು.

ಗಿಡ ಗುಣವಾಯಿತು, ಲೆಕ್ಕ ಗುಣವಾಗಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. 36 ಗಿಡ, ಮೂರಕ್ಕೊಂದು ಕಟ್ಟು, ಕಟ್ಟಿಗೆ ಹತ್ತು ರೂಪಾಯಿ. ಒಂದು ಕೊಯ್ಲಿಗೆ 120. ಮುಂದಿನ ಕೊಯ್ಲಿಗೆ ಎರಡು ಮೂರು ವಾರ. ಕಂತು ಮಾತ್ರ ವಾರಕ್ಕೆ 200. ಇದನ್ನು ಕಿಟ್ ಮಾರುವಾಗ ಯಾರೂ ಹೇಳಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ ಎಂಬ ವಿಜ್ಞಾನಿಗಳು 1938ರಲ್ಲೇ ಹೇಳಿದ್ದರು, ಮಣ್ಣಿಲ್ಲದ ಬೆಳೆ ಒಳ್ಳೆಯ ಮಣ್ಣಿನ ಇಳುವರಿಯನ್ನು ಮೀರಿಸುವ ಜಾದೂ ಅಲ್ಲವೆಂದು. ರೀಲ್ಸ್ ಮಾಡುವವರ ಕಿವಿಗೆ ಅದಿನ್ನೂ ಮುಟ್ಟಿಲ್ಲ.

ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಿ ಸುಮ್ಮನೆ ಕೂತಳು. ಬ್ಲೌಸ್ ಹೊಲಿದ ದುಡ್ಡಲ್ಲೇ ಕಂತು ಕಟ್ಟುತ್ತಾ ಬಂದಿದ್ದಾಳೆ. ಸ್ವಲ್ಪ ಹೊತ್ತಿಗೆ, ‘ಪುದೀನಾ ಟೊಂಗಿ ನೀರಾಗ ಇಟ್ರ ವಾರದಾಗ ಬೇರು ಬಿಡ್ತದಲ್ಲ, ಅದನ್ನೇ ಕಪ್ಪಿನಾಗ ಹಚ್ಚಿ ಮಾರಿದ್ರ?’ ಎಂದಳು. ನನ್ನ ತಲೆಗೆ ಹೊಳೆದಿರಲಿಲ್ಲ. ಈಗ ಡಬ್ಬಿಗಳ ತುಂಬ ಪುದೀನಾ. ಕಪ್ಪಿಗೆ 15 ರೂಪಾಯಿಯಂತೆ ಕಳೆದ ವಾರ 22 ಕಪ್ ಹೋದವು. ಇನ್ನೂ 26 ಕಂತು ಬಾಕಿ ಇವೆ.