ಚಿಲಕ ಹಾಕುವ ಹೊತ್ತು

ವಿಯೆನ್ನಾದ ಮುಖ್ಯ ರೈಲು ನಿಲ್ದಾಣ. ರಾತ್ರಿ ಒಂಬತ್ತು ದಾಟಿದೆ. ಪ್ಲಾಟ್‌ಫಾರ್ಮಿನುದ್ದಕ್ಕೂ ಎ, ಬಿ, ಸಿ ಎಂಬ ಅಕ್ಷರಗಳ ಫಲಕ. ಯಾವ ಬೋಗಿ ಯಾವ ಅಕ್ಷರದ ಕೆಳಗೆ ಬಂದು ನಿಲ್ಲುತ್ತದೆ ಎಂದು ತೋರಿಸುವ ನಕ್ಷೆಯ ಮುಂದೆ ಜನ ಕತ್ತು ಚಾಚಿ ನಿಂತಿದ್ದಾರೆ. ತಲೆಗಿಂತ ಎತ್ತರದ ಚೀಲ ಬೆನ್ನಿಗೇರಿಸಿದ ಹುಡುಗ ಹುಡುಗಿಯರು, ಬ್ರೆಡ್ಡಿನ ಪೊಟ್ಟಣ ಹಿಡಿದ ಒಂಟಿ ಅಜ್ಜಿ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ಅಪ್ಪ. ಇವರ ನಡುವೆ ಕಡುನೀಲಿ ರೈಲೊಂದು ನಿಧಾನವಾಗಿ ಒಳಗೆ ಬರುತ್ತದೆ. ನೈಟ್‌ಜೆಟ್ ಎಂದು ಅದರ ಹೆಸರು. 2016ರ ಡಿಸೆಂಬರಿನಲ್ಲಿ ಜರ್ಮನಿಯ ರೈಲ್ವೆ ತನ್ನ ರಾತ್ರಿ ರೈಲುಗಳನ್ನು ಕೈಬಿಟ್ಟಾಗ, ಆಸ್ಟ್ರಿಯಾದ ರೈಲ್ವೆ ಅದರ ಹಲವು ಮಾರ್ಗಗಳನ್ನು, ಬೋಗಿಗಳ ಸಮೇತ, ವಹಿಸಿಕೊಂಡು ಈ ಹೆಸರಿಟ್ಟಿತು. ನಮ್ಮದು ವೆನಿಸ್ ಕಡೆಗೆ, ಸುಮಾರು ಹನ್ನೊಂದು ಗಂಟೆಯ ದಾರಿ.

ರೈಲಿನ ಪಕ್ಕದಲ್ಲೇ ನಡೆಯುತ್ತ ಹೋದರೆ ಕಿಟಕಿಗಳೇ ಅದರ ಒಳಗನ್ನು ಹೇಳಿಬಿಡುತ್ತವೆ. ಮೊದಲು ಸೀಟುಗಳ ಬೋಗಿ: ಎದುರುಬದುರು ಮೂರು ಮೂರು ಜನ, ಮೊಣಕಾಲಿಗೆ ಮೊಣಕಾಲು ತಾಗುತ್ತಿದೆ. ಆಮೇಲೆ ಕುಶೆಟ್: ಒಂದರ ಮೇಲೊಂದು ಬಿಚ್ಚಿಕೊಂಡ ಬರ್ತ್‌ಗಳ ಅಂಚು. ಕೊನೆಗೆ ಸ್ಲೀಪಿಂಗ್ ಕಾರ್: ಮೆತ್ತನೆಯ ಬೆಳಕು, ಆಗಲೇ ಹಾಸಿಟ್ಟ ಹಾಸಿಗೆ.

ನಮ್ಮ ಊರಿನಿಂದ ಹೋದವರು ಎಡವುವುದು ಇಲ್ಲಿಯೇ. ನಮಗೆ ಸ್ಲೀಪರ್ ಎಂದರೆ ಕಿಟಕಿಯಿಂದ ಗಾಳಿ ಬೀಸುವ, ಕಡಿಮೆ ದರದ ಬೋಗಿ. ಯುರೋಪಿನಲ್ಲಿ ಆ ಪದ ಎಲ್ಲಕ್ಕಿಂತ ದುಬಾರಿಯಾದ ತರಗತಿಗೆ ಸಲ್ಲುತ್ತದೆ. ನಾವು ಮನಸ್ಸಿನಲ್ಲಿಟ್ಟುಕೊಂಡಿರುವ ಸ್ಲೀಪರ್‌ಗೆ ಅಲ್ಲಿನ ಹೆಸರು ಕುಶೆಟ್. ಜರ್ಮನ್ ಭಾಷೆಯಲ್ಲಿ ಇದು ಲೀಗೆವಾಗನ್, ಅದು ಶ್ಲಾಫ್‌ವಾಗನ್. ಒಂದು ಒರಗುವ ಬೋಗಿ, ಇನ್ನೊಂದು ನಿದ್ದೆಯ ಬೋಗಿ. ಆ ಭಾಷೆ ಎರಡನ್ನೂ ಬಹಳ ಸರಿಯಾಗಿ ಬೇರ್ಪಡಿಸಿದೆ.

ನನ್ನದು ಕುಶೆಟ್, ಆರು ಬರ್ತ್‌ಗಳ ಕೋಣೆ. ಬಾಗಿಲು ಸರಿಸಿದರೆ ಎಡಕ್ಕೆ ಮೂರು, ಬಲಕ್ಕೆ ಮೂರು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ, ಕೊನೆಯಲ್ಲಿ ಕಿಟಕಿ. ಪ್ರತಿ ಬರ್ತಿನ ಮೇಲೂ ಮಡಚಿದ ಬಿಳಿ ಹೊದಿಕೆ, ಪುಟ್ಟ ದಿಂಬು, ಕಂಬಳಿ. ಹಾಸಿಕೊಳ್ಳುವುದು ನಮ್ಮದೇ ಕೆಲಸ. ಆರೂ ಜನ ಒಟ್ಟಿಗೆ ಹಾಸಿಗೆ ಬಿಡಿಸಲು ಆಗುವುದಿಲ್ಲ. ಒಬ್ಬರು ಮುಗಿಸಿ ಮೇಲೇರಿದ ಮೇಲೆ ಇನ್ನೊಬ್ಬರು, ಉಳಿದವರು ಓಣಿಯಲ್ಲಿ ಕಾಯುತ್ತಾರೆ. ಬರ್ತಿನ ಮೇಲೆ ನೆಟ್ಟಗೆ ಕೂರುವಷ್ಟು ಎತ್ತರವಿಲ್ಲ. ಮೇಲಿನವರಿಗೆ ಬಾಗಿಲ ನೆತ್ತಿಯ ಅಟ್ಟದಲ್ಲಿ ಚೀಲ ಇಡಲು ಜಾಗ ಸಿಗುತ್ತದೆ, ಜೊತೆಗೆ ಕೋಣೆಯ ಬಿಸಿಗಾಳಿಯೂ. ಕೆಳಗಿನವರಿಗೆ ಏಣಿ ಹತ್ತುವ ಕಷ್ಟವಿಲ್ಲ, ಆದರೆ ಇಳಿಯುವವರ ಪಾದಗಳೆಲ್ಲ ಅವರ ಕಣ್ಣೆದುರಿಗೇ. ಹಾಕಿಕೊಂಡ ಬಟ್ಟೆಯಲ್ಲೇ ಎಲ್ಲರೂ ಮಲಗುತ್ತಾರೆ. ಗಂಡಸರು, ಹೆಂಗಸರು ಎಂಬ ಭೇದವಿಲ್ಲ. ಮಹಿಳೆಯರಿಗಷ್ಟೇ ಮೀಸಲಾದ ಕೋಣೆ ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಆರಿಸಿಕೊಳ್ಳಬೇಕು.

ಅಟೆಂಡೆಂಟ್ ಬಂದು ಟಿಕೆಟ್ ನೋಡಿ, ಬೆಳಗಿನ ಕಾಫಿಯೋ ಚಹಾವೋ ಎಂದು ಕೇಳಿ ಹೋದ. ಬಾಗಿಲ ಬಳಿ ಇದ್ದ ಹಿರಿಯರೊಬ್ಬರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ತಲೆಯಾಡಿಸಿ, ಚಿಲಕ ಹಾಕಿದರು. ನಮ್ಮ ರೈಲಿನ ಬರ್ತುಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ನನಗೆ ತಟ್ಟಿದ್ದು ಆ ಸದ್ದಿನಲ್ಲಿ. ನಮ್ಮಲ್ಲಿ ಇಡೀ ಬೋಗಿ ಒಂದೇ ಪಡಸಾಲೆ. ಇಲ್ಲಿ ಹೆಸರೂ ತಿಳಿಯದ ಐದು ಜನರೊಂದಿಗೆ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಮಲಗಬೇಕು. ಟಿಕೆಟ್ ಆರಿಸುವಾಗ ನಾವು ಆರಿಸುವುದು ಹಾಸಿಗೆಯ ಮೆದುತನವನ್ನಲ್ಲ. ಆ ಚಿಲಕದ ಒಳಗೆ ಎಷ್ಟು ಜನ ಇರಬೇಕೆಂಬುದನ್ನು.

ಈ ಬಾಗಿಲಿಗೊಂದು ಕಥೆಯಿದೆ. ಬೆಲ್ಜಿಯಂನ ಬ್ಯಾಂಕರ್ ಮನೆತನದ ಯುವಕ ಜಾರ್ಜ್ ನಾಗೆಲ್‌ಮಾಕರ್ಸ್ 1860ರ ದಶಕದ ಕೊನೆಯಲ್ಲಿ ಅಮೆರಿಕ ಸುತ್ತಿ, ಪುಲ್‌ಮನ್ ಎಂಬಾತನ ಮಲಗುವ ಬೋಗಿಗಳನ್ನು ನೋಡಿ ಬೆರಗಾದ. ಅಲ್ಲಿ ನಡುವೆ ಓಣಿ, ಎರಡೂ ಕಡೆ ಬರ್ತು, ಮರೆಗೆ ಪರದೆ. ನಮ್ಮ ಟು ಟಯರ್ ಎಸಿ ಬೋಗಿಯಲ್ಲಿ ಪರದೆ ಎಳೆದು ಮಲಗಿದವರಿಗೆ ಆ ನೋಟ ಹೊಸದಲ್ಲ. ಊರಿಗೆ ಮರಳಿದ ಆತ ಯುರೋಪಿನವರಿಗೆ ಒಪ್ಪುವ ಹಾಗೆ ಪರದೆಯ ಜಾಗದಲ್ಲಿ ಬಾಗಿಲುಳ್ಳ ಕೋಣೆಗಳನ್ನು ತಂದ. ಅವನು ಕಟ್ಟಿದ ವ್ಯಾಗನ್ಸ್‌ ಲಿ ಕಂಪನಿಯೇ 1883ರಲ್ಲಿ ಪ್ಯಾರಿಸ್ಸಿನಿಂದ ಓರಿಯಂಟ್ ಎಕ್ಸ್‌ಪ್ರೆಸ್ ಓಡಿಸಿತು.

ಪಕ್ಕದ ಸ್ಲೀಪಿಂಗ್ ಕಾರಿನ ಕೋಣೆ ಈ ಬಾಗಿಲನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಒಬ್ಬರಿಗೆ, ಇಬ್ಬರಿಗೆ ಅಥವಾ ಮೂವರಿಗೆ. ಬರ್ತುಗಳು ಒಂದೇ ಗೋಡೆಗೆ, ಎದುರಿಗೆ ಮುಖ ತೊಳೆಯುವ ಬೇಸಿನ್, ಟವೆಲು, ಚಪ್ಪಲಿ. ತಿಂಡಿಯ ಪಟ್ಟಿಯಲ್ಲಿ ಬೇಕಾದ್ದಕ್ಕೆ ಗುರುತು ಹಾಕಿ ಕೊಟ್ಟರೆ ಬೆಳಿಗ್ಗೆ ತಟ್ಟೆಯೇ ಕೋಣೆಗೆ ಬರುತ್ತದೆ. ಇನ್ನೂ ಹೆಚ್ಚು ಕೊಟ್ಟರೆ ಕೋಣೆಯಲ್ಲೇ ಶವರ್. 2023ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್ ಮಾರ್ಗದಲ್ಲಿ ಓಡತೊಡಗಿದ ಹೊಸ ರೈಲುಗಳಲ್ಲಿ ಮಿನಿ ಕ್ಯಾಬಿನ್ ಕೂಡ ಬಂದಿದೆ: ಒಬ್ಬರೇ ತೂರಿಕೊಂಡು ಮಲಗುವ, ಒಳಗಿಂದ ಮುಚ್ಚಿಕೊಳ್ಳುವ ಗೂಡು. ಒಂಟಿಯಾಗಿ ಹೋಗುವವರಿಗೆ ಕುಶೆಟ್ ದರದ ಆಸುಪಾಸಿನಲ್ಲಿ ತಮ್ಮದೇ ಬಾಗಿಲು ಸಿಗುವುದು ದೊಡ್ಡ ಮಾತು ಎಂದು ನನಗನ್ನಿಸುತ್ತದೆ.

ನಡುರಾತ್ರಿ ಎಲ್ಲೋ ಒಂದು ಜಗ್ಗು, ಎಚ್ಚರ. ಸಾಲ್ಜ್‌ಬರ್ಗ್. ಬೋಗಿಗಳನ್ನು ಕಳಚಿ ಬೇರೆ ರೈಲಿಗೆ ಜೋಡಿಸುತ್ತಿದ್ದಾರೆ. ಒಂದೇ ರೈಲಿನ ಬೋಗಿಗಳು ಬೆಳಗಾಗುವುದರೊಳಗೆ ಬೇರೆ ಬೇರೆ ಊರು ಸೇರುತ್ತವೆ. ಅದಕ್ಕೇ ಟಿಕೆಟ್ಟಿನಲ್ಲಿರುವ ಬೋಗಿ ಸಂಖ್ಯೆಯನ್ನು ಹತ್ತುವ ಮೊದಲು ಎರಡು ಸಲ ನೋಡಬೇಕು. ಮೇಲಿನ ಬರ್ತಿನಲ್ಲಿ ಗೊರಕೆ. ಓಣಿಯ ಬೆಳಕು ಬಾಗಿಲ ಸಂದಿಯಿಂದ ಗೆರೆಯಾಗಿ ಬಿದ್ದಿದೆ. ಎದ್ದು ಹೊರಗೆ ಇಣುಕಿದರೆ, ಸೀಟಿನ ಬೋಗಿಯ ಹುಡುಗನೊಬ್ಬ ಓಣಿಯ ಕಿಟಕಿಗೆ ಹಣೆ ಆನಿಸಿ ನಿಂತಿದ್ದಾನೆ. ಕೂತು ಕೂತು ಸಾಕಾಗಿರಬೇಕು.

ಬೆಳಿಗ್ಗೆ ಅಟೆಂಡೆಂಟ್ ಬಾಗಿಲು ತಟ್ಟಿದಾಗ ಆಲ್ಪ್ಸ್ ಹಿಂದೆ ಸರಿದಾಗಿತ್ತು. ಹೊರಗೆ ಸಮತಟ್ಟಾದ ಹೊಲ, ದ್ರಾಕ್ಷಿ ತೋಟ. ಎರಡು ಬನ್ನು, ಬೆಣ್ಣೆ, ಜಾಮು, ಬಿಸಿ ಕಾಫಿ. ಹಿರಿಯರು ಚಿಲಕ ತೆಗೆದರು. ಆರು ಜನರೂ ನಿದ್ದೆಗಣ್ಣಿನಲ್ಲೇ ಒಬ್ಬರಿಗೊಬ್ಬರು ಶುಭೋದಯ ಹೇಳಿದೆವು. ಮೆಸ್ತ್ರೆ ನಿಲ್ದಾಣ ದಾಟಿದ ಮೇಲೆ ನೆಲ ಮುಗಿದು ರೈಲು 1846ರ ಸೇತುವೆಗೆ ಏರಿತು. ಎರಡೂ ಬದಿಗೆ ನೀರು, ಎದುರಿಗೆ ವೆನಿಸ್ಸಿನ ಗೋಪುರಗಳು.

ನನ್ನ ತೀರ್ಮಾನ ಇಷ್ಟು. ಒಬ್ಬರೇ ಹೊರಟರೆ ನಾಲ್ಕು ಬರ್ತಿನ ಕುಶೆಟ್; ಆರರದ್ದಕ್ಕಿಂತ ಸ್ವಲ್ಪ ಹೆಚ್ಚು ದರ, ಆದರೆ ನಡುವಿನ ಬರ್ತಿಲ್ಲದೆ ನೆಟ್ಟಗೆ ಕೂರಬಹುದು. ಇಡೀ ಕುಟುಂಬವಾದರೆ ಆರು ಬರ್ತಿನ ಕೋಣೆಯೇ ಸರಿ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಸ್ಲೀಪಿಂಗ್ ಕಾರ್ ಬಿಟ್ಟು ಬೇರೆ ಯೋಚನೆ ಬೇಡ. ಸೀಟಿನಲ್ಲಿ ಇಡೀ ರಾತ್ರಿ ಕೂರಬೇಡಿ. ದರ ದಿನ ಕಳೆದಂತೆ ಏರುತ್ತದೆ. ಪ್ರಯಾಣದ ದಿನ ನಿಕ್ಕಿಯಾದ ಕೂಡಲೇ ಟಿಕೆಟ್ ತೆಗೆದುಕೊಳ್ಳಿ.